ಎಲೆಯ ಮೇಲಿನ ಕಂದು ಕಲೆ: ಮನೆಗಿಡಗಳ ರೋಗನಿದಾನದ ಇತಿಹಾಸದಲ್ಲಿ ಒಂದು ವಿಚಾರ

ಸಸ್ಯರೋಗಗಳ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಹೊಲ, ತೋಟ, ದ್ರಾಕ್ಷಿಯ ಬಯಲುಗಳ ಕಡೆಗೇ ದೃಷ್ಟಿಯಿಟ್ಟಿದ್ದಾರೆ. ಅದು ಸಹಜವೇ. ಬೆಳೆ ಕೆಟ್ಟರೆ ಕ್ಷಾಮ ಬರುತ್ತದೆ, ಕಂದಾಯ ನಿಲ್ಲುತ್ತದೆ, ಜನ ಊರು ಬಿಡುತ್ತಾರೆ. ಅದರೊಡನೆ ಕಡತಗಳೂ ಹುಟ್ಟುತ್ತವೆ. ಕುಂಡದಲ್ಲಿ ಬೆಳೆಸಿದ ಮನೆಗಿಡವೊಂದು ಕೆಟ್ಟರೆ ಕಡತ ಹುಟ್ಟುವುದಿಲ್ಲ. ಮನೆಯವರು ನಾಲ್ಕು ದಿನ ಮರುಗಿ, ಕುಂಡವನ್ನು ಹಿತ್ತಲಿಗೆ ಸಾಗಿಸುತ್ತಾರೆ. ಆದರೆ ಎಲೆಯ ಮೇಲೆ ಕಂದು ಕಲೆ ಕಂಡಾಗ ಮನುಷ್ಯನು ಯಾವ ಕಾರಣವನ್ನು ಊಹಿಸಿದನು, ಆ ಊಹೆಗೆ ತಕ್ಕಂತೆ ಏನು ಮಾಡಿದನು ಎಂಬ ಪ್ರಶ್ನೆಗೆ ಹೊಲದ ಚರಿತ್ರೆಯೊಂದರಿಂದಲೇ ಉತ್ತರ ದೊರೆಯುವುದಿಲ್ಲ. ಹೊಲದಲ್ಲಿ ಗೆದ್ದ ಒಂದು ಕಾರಣವಾದವು ಮನೆಯೊಳಗೂ ಪ್ರವೇಶಿಸಿ ಅಲ್ಲಿ ಅನೇಕ ವೇಳೆ ತಪ್ಪುದಾರಿಗೆ ಎಳೆದಿದೆ ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಷಯದ ಕಡೆಗೆ ನನ್ನನ್ನು ತಿರುಗಿಸಿದ್ದು ಗ್ರಂಥಾಲಯವಲ್ಲ, ಒಂದು ಗಿಡ. ನಮ್ಮ ತಾಯಿಯವರು ತೀರಿಕೊಂಡು ಮಲೆನಾಡಿನ ಮನೆಯನ್ನು ಬಿಟ್ಟುಕೊಟ್ಟಾಗ, ಅವರು ಜಗಲಿಯಲ್ಲಿ ಬೆಳೆಸಿದ್ದ ಕೆಂಪೆಲೆಯ ಕಾರ್ಡಿಲೈನ್ ಗಿಡವೊಂದನ್ನು ಬೆಂಗಳೂರಿಗೆ ತಂದೆನು. ಅವರ ವಸ್ತುಗಳಲ್ಲಿ ಇನ್ನೂ ಉಸಿರಾಡುತ್ತಿದ್ದುದು ಅದೊಂದೇ. ನಾಲ್ಕು ತಿಂಗಳೊಳಗೆ ಅದರ ಎಲೆಗಳ ಮೇಲೆ ಕಂದು ಕಾಣಿಸಿತು. ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವನಿಗೆ ಕಲೆಯೆಂದರೆ ಕೊಳೆ, ಕೊಳೆಯೆಂದರೆ ಮೈಲುತುತ್ತು ಮತ್ತು ಸುಣ್ಣ. ಬೇರೆ ಯೋಚನೆ ಹೊಳೆಯಲಿಲ್ಲ. ಮೂರು ಸಲ ಸಿಂಪಡಿಸಿದೆನು. ಪ್ರತಿ ಸಲವೂ ಗಿಡದ ಸ್ಥಿತಿ ಮತ್ತಷ್ಟು ಕೆಟ್ಟಿತು. ಮುಂದೆ ನಡೆದುದನ್ನು ಕೊನೆಯಲ್ಲಿ ಹೇಳುತ್ತೇನೆ. ಈ ತಪ್ಪು ನನ್ನೊಬ್ಬನದೇ ಅಲ್ಲ, ಅದಕ್ಕೆ ಸುಮಾರು ಒಂದೂವರೆ ಶತಮಾನದ ಇತಿಹಾಸವಿದೆ ಎಂಬುದು ಆಮೇಲೆ ಓದಿದಾಗ ತಿಳಿಯಿತು.

ನಮ್ಮ ಪ್ರಾಚೀನರು ಎಲೆಯ ವಿಕಾರವನ್ನು ಹೇಗೆ ಕಂಡರೆಂಬುದನ್ನು ಮೊದಲು ನೋಡಬೇಕು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಪ್ರಕರಣದಲ್ಲಿ ಚಳಿ, ಗಾಳಿ, ಬಿಸಿಲು ಇವುಗಳಿಂದ ಮರಗಳಿಗೆ ರೋಗವುಂಟಾಗುತ್ತದೆಂದು ಹೇಳಿ, ಎಲೆ ಬಿಳಿಚುವುದು, ಚಿಗುರು ಬೆಳೆಯದಿರುವುದು, ಕೊಂಬೆ ಒಣಗುವುದು, ರಸ ಸೋರುವುದು ಎಂಬ ನಾಲ್ಕು ಲಕ್ಷಣಗಳನ್ನು ಕೊಡುತ್ತಾನೆ. ಚಿಕಿತ್ಸೆಯಲ್ಲಿ ಮೊದಲು ಹೇಳಿರುವುದು ಶಸ್ತ್ರದಿಂದ ಕೆಟ್ಟ ಭಾಗವನ್ನು ತೆಗೆದು ಶುದ್ಧಗೊಳಿಸುವುದನ್ನು. ವಾಯುವಿಳಂಗ, ತುಪ್ಪ, ಕೆಸರುಗಳ ಲೇಪ ಅನಂತರದ್ದು. ಕೊನೆಗೆ ಹಾಲು ಬೆರೆಸಿದ ನೀರು. ಸುಮಾರು ಸಾವಿರದ ವರ್ಷದ ಹೊತ್ತಿನವನೆಂದು ಎಣಿಸಲಾಗಿರುವ ಸುರಪಾಲನ ವೃಕ್ಷಾಯುರ್ವೇದವು ಇನ್ನೂ ವಿಸ್ತಾರವಾದುದು. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಉಳಿದ ಹಸ್ತಪ್ರತಿಯಿಂದ ಬೆಳಕಿಗೆ ಬಂದ ಈ ಗ್ರಂಥವನ್ನು 1996ರಲ್ಲಿ ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್ ಸಂಸ್ಥೆಯವರು ಅನುವಾದದೊಡನೆ ಪ್ರಕಟಿಸಿದರು. ಅದರಲ್ಲಿ ಮರದ ರೋಗಗಳು ಒಳಗಿನವು, ಹೊರಗಿನವು ಎಂದು ಎರಡಾಗಿವೆ. ವಾತ, ಪಿತ್ತ, ಕಫಗಳ ಕೆಡುಕಿನಿಂದ ಬರುವುವು ಒಳಗಿನವು. ಹುಳು, ಚಳಿ ಮೊದಲಾದುವುಗಳಿಂದ ಬರುವುವು ಹೊರಗಿನವು.

ಕನ್ನಡದಲ್ಲಿಯೂ ಈ ವಿದ್ಯೆ ಇಲ್ಲದಿರಲಿಲ್ಲ. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಕ್ರಿ. ಶ. 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ವಾಸ್ತು, ಜಲಶೋಧನೆ, ಸೂಪಶಾಸ್ತ್ರ, ಸುಗಂಧ, ವಿಷವೈದ್ಯಗಳ ನಡುವೆ ವೃಕ್ಷಾಯುರ್ವೇದಕ್ಕೂ ಒಂದು ಅಧ್ಯಾಯ ಮೀಸಲಾಗಿದೆ. ಅಡುಗೆಯೂ ಗಿಡದ ಆರೈಕೆಯೂ ಒಂದೇ ಹೊತ್ತಗೆಯಲ್ಲಿ ಬಂದುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಲೋಕಕ್ಕೆ ಉಪಕಾರವಾಗುವ ತಿಳಿವಳಿಕೆಯೆಂದರೆ ಮನೆವಾರ್ತೆಯ ತಿಳಿವಳಿಕೆ ಎಂಬ ಭಾವನೆ ಅಲ್ಲಿ ಸ್ಪಷ್ಟವಾಗಿದೆ.

ತ್ರಿದೋಷಸಿದ್ಧಾಂತವನ್ನು ಗಿಡಕ್ಕೆ ಹಚ್ಚಿದ್ದು ಇಂದಿನ ದೃಷ್ಟಿಯಲ್ಲಿ ನಿಲ್ಲುವಂಥದಲ್ಲ. ಅದನ್ನು ಆಧುನಿಕ ವಿಜ್ಞಾನದ ಪೂರ್ವರೂಪವೆಂದು ಕೊಂಡಾಡುವ ಲೇಖನಗಳು ಆಗಾಗ್ಗೆ ಬರುತ್ತವೆ. ಅವುಗಳಲ್ಲಿ ಉತ್ಸಾಹವಿರುವಷ್ಟು ಆಧಾರವಿಲ್ಲ. ಹಾಗೆಂದು ಅದನ್ನು ಬರಿಯ ಮೂಢತೆಯೆಂದು ತಳ್ಳುವುದೂ ಇತಿಹಾಸಕಾರನಿಗೆ ತಕ್ಕುದಲ್ಲ. ಗಿಡದ ಕೇಡಿಗೆ ಅದು ನಿಂತ ಜಾಗ, ಅದರ ಮೇಲೆ ಬೀಳುವ ಬಿಸಿಲು, ಅದು ಕುಡಿಯುವ ನೀರು ಇವುಗಳನ್ನು ಮೊದಲು ವಿಚಾರಿಸಬೇಕೆಂಬ ಕ್ರಮವನ್ನು ಈ ಗ್ರಂಥಗಳು ಪಾಲಿಸುತ್ತವೆ. ಕ್ರಮ ಸರಿಯಾಗಿತ್ತು, ವಿವರಣೆ ಸರಿಯಾಗಿರಲಿಲ್ಲ.

ನಮ್ಮ ಮನೆಗಳಲ್ಲಿ ಗಿಡದ ಸ್ಥಾನ ಅಂಗಳವೇ ಹೊರತು ಒಳಮನೆಯಲ್ಲ. ಬೃಂದಾವನದ ತುಳಸಿಗೆ ಬಿಸಿಲು, ಮಳೆ, ಗಾಳಿ ಮೂರೂ ಇದ್ದುವು. ಗೋಡೆಗಳ ನಡುವೆ, ಕಿಟಕಿಯ ಬೆಳಕಿನಲ್ಲಿ, ಕೈಯಿಂದ ಎರೆದ ನೀರನ್ನೇ ನಂಬಿ ಬದುಕುವ ಗಿಡ ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಯೂರೋಪಿನ, ಅದರಲ್ಲಿಯೂ ಲಂಡನ್ನಿನ ನಿರ್ಮಾಣ. ಆ ನಗರದ ಕಲ್ಲಿದ್ದಲ ಹೊಗೆ ಗಿಡಗಳನ್ನು ಕೊಲ್ಲುತ್ತದೆಂದು ಜಾನ್ ಎವೆಲಿನ್ 1661ರಲ್ಲಿಯೇ ದೂರಿದ್ದನು. 1722ರಲ್ಲಿ ಥಾಮಸ್ ಫೇರ್‌ಚೈಲ್ಡ್ ಎಂಬ ತೋಟಗಾರನು ಆ ಹೊಗೆಯಲ್ಲಿಯೂ ಉಳಿಯಬಲ್ಲ ಗಿಡಗಳಾವುವು ಎಂಬುದಕ್ಕಾಗಿಯೇ ಒಂದು ಪುಸ್ತಕ ಬರೆದನು. ಲಂಡನ್ನಿನ ಪೂರ್ವಭಾಗದ ವೆಲ್‌ಕ್ಲೋಸ್ ಚೌಕದಲ್ಲಿ ವೈದ್ಯನಾಗಿದ್ದ ನಥಾನಿಯಲ್ ಬ್ಯಾಗ್‌ಷಾ ವಾರ್ಡ್ ಎಂಬಾತನಿಗೆ ಜರೀಗಿಡಗಳೆಂದರೆ ಬಲು ಪ್ರೀತಿ. ಅವನು ನೆಟ್ಟುವೆಲ್ಲ ಹೊಗೆಗೆ ಸಿಕ್ಕಿ ಕಂದಿ ಸತ್ತುವು. 1829ರಲ್ಲಿ ಅವನು ಪತಂಗದ ಕೋಶವೊಂದನ್ನು ತೇವದ ಮಣ್ಣಿನಲ್ಲಿಟ್ಟು ಗಾಜಿನ ಸೀಸೆಯನ್ನು ಮುಚ್ಚಿದ್ದನು. ಕೆಲವು ದಿನಗಳಲ್ಲಿ ಆ ಮಣ್ಣಿನಲ್ಲಿ ತಾನಾಗಿ ಒಂದು ಜರೀಗಿಡವೂ ಒಂದು ಹುಲ್ಲೂ ಮೊಳೆತುವು. ಹೊರಗೆ ಎಷ್ಟು ಆರೈಕೆ ಮಾಡಿದರೂ ಬಾರದ ಗಿಡ ಸೀಸೆಯೊಳಗೆ ಯಾರ ಆರೈಕೆಯೂ ಇಲ್ಲದೆ ಬಂದಿತು.

ವಾರ್ಡನ ಗಾಜಿನ ಪೆಟ್ಟಿಗೆಯ ಮುಂದಿನ ಕಥೆ ಪ್ರಸಿದ್ಧವಾದುದು. 1833ರಲ್ಲಿ ಎರಡು ಪೆಟ್ಟಿಗೆಗಳು ಗಿಡಗಳೊಡನೆ ಸಿಡ್ನಿಗೆ ಹೋಗಿ ಸುರಕ್ಷಿತವಾಗಿ ತಲಪಿದುವು. 1842ರಲ್ಲಿ ಅವನ ಪುಸ್ತಕ ಬಂದಿತು. ಕೆಲವೇ ವರ್ಷಗಳಲ್ಲಿ ರಾಬರ್ಟ್ ಫಾರ್ಚೂನ್ ಇಂಥ ಪೆಟ್ಟಿಗೆಗಳಲ್ಲಿಯೇ ಚೀನದ ಚಹಾ ಗಿಡಗಳನ್ನು ಭಾರತಕ್ಕೆ ಸಾಗಿಸಿದನು. ಸಾಮ್ರಾಜ್ಯದ ಇತಿಹಾಸಕಾರರು ಈ ಭಾಗವನ್ನು ಸಾಕಷ್ಟು ಬರೆದಿದ್ದಾರೆ. ನನಗೆ ಮುಖ್ಯವೆನಿಸುವುದು ವಾರ್ಡನ ನಿದಾನ. ಎಲೆ ಕಂದುವುದಕ್ಕೆ ಅವನು ಗಿಡದೊಳಗೆ ದೋಷವನ್ನು ಹುಡುಕಲಿಲ್ಲ, ಎಲೆಯ ಮೇಲೆ ಶತ್ರುವನ್ನೂ ಹುಡುಕಲಿಲ್ಲ. ಗಿಡ ನಿಂತ ಗಾಳಿಯನ್ನು ಬದಲಾಯಿಸಿದನು, ಅಷ್ಟೆ. ಅವನ ಮಟ್ಟಿಗೆ ರೋಗವಿದ್ದುದು ನಗರಕ್ಕೆ.

ಇದೇ ಕಾಲದಲ್ಲಿ ಮತ್ತೊಂದು ಕಾರಣವಾದವು ಬೆಳೆಯುತ್ತಿದ್ದಿತು. ಫ್ರಾನ್ಸಿನ ಬೆನೆದಿಕ್ತ್ ಪ್ರೆವೋ 1807ರಲ್ಲಿ ಗೋಧಿಯ ಕಾಡಿಗೆ ರೋಗಕ್ಕೆ ಸೂಕ್ಷ್ಮವಾದ ಶಿಲೀಂಧ್ರವೇ ಕಾರಣವೆಂದೂ ತಾಮ್ರದ ಲವಣವು ಅದರ ಬೀಜಕಗಳನ್ನು ಮೊಳೆಯಗೊಡುವುದಿಲ್ಲವೆಂದೂ ತೋರಿಸಿದ್ದನು. ಅದನ್ನು ಅಂದಿನ ಪಂಡಿತರು ಒಪ್ಪಲಿಲ್ಲ. ಕೊಳೆತುದರಿಂದ ಬೂಷ್ಟು ಹುಟ್ಟುತ್ತದೆಯೇ ಹೊರತು ಬೂಷ್ಟಿನಿಂದ ಕೊಳೆಯುವುದಿಲ್ಲ ಎಂಬುದು ಆಗಿನ ಬಲವಾದ ನಂಬಿಕೆ. 1845ರಲ್ಲಿ ಆಲೂಗೆಡ್ಡೆಯ ಎಲೆಗಳ ಮೇಲೆ ಕಂದು ಕಲೆಗಳು ಬಿದ್ದು ಕೆಲವೇ ದಿನಗಳಲ್ಲಿ ಹೊಲಗಳು ಕಪ್ಪಾದಾಗ ಈ ಪ್ರಶ್ನೆ ಪಂಡಿತರ ಕೈಮೀರಿ ಜನರ ಪ್ರಾಣದ ಪ್ರಶ್ನೆಯಾಯಿತು. ಇಂಗ್ಲೆಂಡಿನ ಪ್ರಸಿದ್ಧ ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲಿ, ಆ ವರ್ಷದ ಅತಿಯಾದ ಮಳೆ ಚಳಿಗಳಿಂದ ಗಿಡ ಹೀರಿದ ನೀರನ್ನು ಹೊರಹಾಕಲಾರದೆ ಕೊಳೆಯಿತೆಂದನು. ಪಾದ್ರಿಯಾಗಿದ್ದ ಮೈಲ್ಸ್ ಜೋಸೆಫ್ ಬರ್ಕ್‌ಲಿ, ಕಲೆಯ ಅಂಚಿನ ಬಿಳಿಯ ಬೂಷ್ಟೇ ಕಾರಣವೆಂದು ವಾದಿಸಿ 1846ರಲ್ಲಿ ತನ್ನ ಪ್ರಬಂಧವನ್ನು ಪ್ರಕಟಿಸಿದನು. ಸರ್ಕಾರವು ಐರ್ಲೆಂಡಿಗೆ ಕಳುಹಿಸಿದ ಆಯೋಗದಲ್ಲಿದ್ದವನು ಲಿಂಡ್ಲಿ. ಗೆಡ್ಡೆಗಳನ್ನು ಒಣಗಿಸಿ ಗಾಳಿಯಾಡುವ ಗುಂಡಿಗಳಲ್ಲಿ ಇಡಬೇಕೆಂದು ಆಯೋಗವು ಸೂಚಿಸಿತು. ನಿದಾನಕ್ಕೆ ತಕ್ಕ ಚಿಕಿತ್ಸೆಯೇ. ಆದರೆ ರೋಗಕ್ಕೆ ತಕ್ಕುದಾಗಿರಲಿಲ್ಲ. ಮುಂದಿನ ಕೆಲವು ವರ್ಷಗಳಲ್ಲಿ ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಜನ ದೇಶ ಬಿಟ್ಟರು. ಅದಕ್ಕೆ ಒಬ್ಬ ಸಸ್ಯಶಾಸ್ತ್ರಜ್ಞನ ತಪ್ಪನ್ನಾಗಲಿ ಒಂದು ಶಿಲೀಂಧ್ರವನ್ನಾಗಲಿ ಹೊಣೆ ಮಾಡುವುದು ಸಾಧ್ಯವಿಲ್ಲ. ಭೂಮಿಯ ಹಿಡುವಳಿ, ಸರ್ಕಾರದ ನೀತಿ ಇವುಗಳ ಪಾಲು ದೊಡ್ಡದು. ಹಾಗಿದ್ದರೂ ಎಲೆಯ ಮೇಲಿನ ಕಲೆಯನ್ನು ಓದುವುದರಲ್ಲಾದ ಎಡವಟ್ಟು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನ ಬೇಡ.

1861ರಲ್ಲಿ ಜರ್ಮನಿಯ ಆಂಟನ್ ಡಿ ಬಾರಿ ಪ್ರಯೋಗದಿಂದ ಬರ್ಕ್‌ಲಿಯ ಪಕ್ಷವನ್ನು ಸ್ಥಾಪಿಸಿದನು. ಅಲ್ಲಿಗೆ ಪರಾವಲಂಬಿಯ ವಾದ ಗೆದ್ದಿತು. ಗೆದ್ದರೂ ಮದ್ದು ಇರಲಿಲ್ಲ. ಮದ್ದು ದೊರೆತುದು ಕಳ್ಳರ ದೆಸೆಯಿಂದ. ಫ್ರಾನ್ಸಿನ ಮೆಡಾಕ್ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕಿತ್ತುಕೊಳ್ಳದಂತೆ ರಸ್ತೆಯ ಅಂಚಿನ ಬಳ್ಳಿಗಳಿಗೆ ಮೈಲುತುತ್ತು ಸುಣ್ಣಗಳ ನೀಲಿ ಗಂಜಿಯನ್ನು ಎರಚುವ ಪದ್ಧತಿಯಿದ್ದಿತು. 1882ರಲ್ಲಿ ಮಿಲಾರ್ಡೆ ಎಂಬ ಪ್ರಾಧ್ಯಾಪಕನು ಆ ಬಳ್ಳಿಗಳಲ್ಲಿ ಮಾತ್ರ ಎಲೆಗಳು ಉಳಿದುದನ್ನು ಕಂಡನು. 1885ರಲ್ಲಿ ಬೋರ್ಡೋ ದ್ರಾವಣವನ್ನು ಪ್ರಕಟಪಡಿಸಿದನು.

ಈ ದ್ರಾವಣವು ನಮ್ಮ ನಾಡಿಗೆ ಬಂದ ರೀತಿ ಸ್ವಾರಸ್ಯವಾದುದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್, ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಪರಿಶೀಲಿಸಿ 1910ರಲ್ಲಿ ತನ್ನ ವರದಿಯನ್ನು ಪ್ರಕಟಿಸಿದನು. ರೋಗಕಾರಕವು ಆಲೂಗೆಡ್ಡೆಯನ್ನು ಕೊಳೆಸಿದ ಫೈಟಾಫ್ತೊರ ಕುಲಕ್ಕೇ ಸೇರಿದುದೆಂದು ಕಂಡುಬಂದಿತು. ಮಳೆಗಾಲದ ಎಡೆಬಿಡದ ಸುರಿತದಲ್ಲಿ ದ್ರಾವಣವು ತೊಳೆದುಹೋಗದಂತೆ ಅಂಟುಪದಾರ್ಥವನ್ನು ಸೇರಿಸಿ ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಅವನು ರೂಢಿಗೆ ತಂದನು. ನೂರು ಲೀಟರ್ ನೀರಿಗೆ 1 ಕಿಲೋಗ್ರಾಂ ಮೈಲುತುತ್ತು, 1 ಕಿಲೋಗ್ರಾಂ ಸುಣ್ಣ ಎಂಬ ಲೆಕ್ಕ ಇಂದಿಗೂ ಮಲೆನಾಡಿನ ಮಕ್ಕಳಿಗೆ ಬಾಯಿಪಾಠ. ಆದರೆ ಕೋಲ್ಮನ್ ಬರುವುದಕ್ಕೆ ಮೊದಲೇ ನಮ್ಮ ಬೆಳೆಗಾರರು ಮಳೆಗೆ ಮುಂಚೆ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಶಿಲೀಂಧ್ರದ ಹೆಸರು ಅವರಿಗೆ ತಿಳಿದಿರಲಿಲ್ಲ. ಗೊನೆಯ ಮೇಲೆ ನೀರು ನಿಂತರೆ ಕೊಳೆ ಬರುತ್ತದೆಂಬುದು ತಿಳಿದಿದ್ದಿತು. ಕೊಟ್ಟೆ ಕಟ್ಟುವುದು ವಾರ್ಡನ ಗಾಜಿನ ಪೆಟ್ಟಿಗೆಯಂತೆ ಸನ್ನಿವೇಶವನ್ನು ಬದಲಿಸುವ ಚಿಕಿತ್ಸೆ. ಸಿಂಪಡಿಸುವುದು ಶತ್ರುವನ್ನು ಕೊಲ್ಲುವ ಚಿಕಿತ್ಸೆ. ಎರಡೂ ಫಲಿಸಿದುವು. ಏಕೆಂದರೆ ಆ ರೋಗಕ್ಕೆ ಮಳೆಯೂ ಬೇಕು, ಶಿಲೀಂಧ್ರವೂ ಬೇಕು.

ಈ ಮಾತನ್ನು ಜರ್ಮನಿಯ ಪೌಲ್ ಸೊರಾವರ್ 1874ರಲ್ಲಿಯೇ, ಪರಾವಲಂಬಿವಾದವು ಗೆದ್ದು ಬೀಗುತ್ತಿದ್ದ ದಿನಗಳಲ್ಲಿ, ಹೇಳಿದ್ದನು. ಸಸ್ಯರೋಗಗಳನ್ನು ಕುರಿತ ಅವನ ಗ್ರಂಥವು ಬೆಳಕು, ನೀರು, ಮಣ್ಣು, ಗಾಳಿಗಳಿಂದ ಬರುವ ರೋಗಗಳಿಗೆ ಗೌರವದ ಸ್ಥಾನವನ್ನು ಕೊಟ್ಟಿತು. ಅವನ ಮಾತಿಗೆ ದೊರೆತ ಮನ್ನಣೆ ಕಡಿಮೆ. ಸೂಕ್ಷ್ಮದರ್ಶಕದಲ್ಲಿ ಕಾಣುವ ಶತ್ರುವಿನ ಮುಂದೆ, ಕಾಣದ ಸನ್ನಿವೇಶವು ಮಂಕಾಗಿ ತೋರುವುದು ಸ್ವಾಭಾವಿಕ.

ಬಂಗಾಳದ ದೃಷ್ಟಾಂತವನ್ನು ಇಲ್ಲಿ ಬಿಡುವಂತಿಲ್ಲ. 1942ರಲ್ಲಿ ಅಲ್ಲಿಯ ಬತ್ತದ ಬೆಳೆಗೆ ಕಂದು ಚುಕ್ಕೆ ರೋಗ ಬಿದ್ದಿತು, 1943ರಲ್ಲಿ ಕ್ಷಾಮವುಂಟಾಯಿತು. ಸಸ್ಯರೋಗತಜ್ಞ ಪದ್ಮನಾಭನ್ 1973ರ ತಮ್ಮ ಲೇಖನದಲ್ಲಿ ಕ್ಷಾಮಕ್ಕೆ ಈ ರೋಗವನ್ನೇ ಪ್ರಧಾನ ಕಾರಣವಾಗಿ ಹೇಳಿದರು. 1981ರಲ್ಲಿ ಅಮರ್ತ್ಯ ಸೇನ್ ಅವರು, ಕ್ಷಾಮದ ವರ್ಷದ ಆಹಾರವು ಕ್ಷಾಮವಿಲ್ಲದ 1941ರಲ್ಲಿ ಇದ್ದುದಕ್ಕಿಂತ ಕಡಿಮೆಯಾಗಿರಲಿಲ್ಲವೆಂದು ಲೆಕ್ಕಹಾಕಿ, ಕಾರಣವನ್ನು ಬೆಲೆ ಕೂಲಿಗಳಲ್ಲಿ ಹುಡುಕಿದರು. ಈ ವಿವಾದದ ತೀರ್ಮಾನ ಇಲ್ಲಿ ನನ್ನ ಕೆಲಸವಲ್ಲ. ಆದರೆ ಅದೇ ಕಂದು ಚುಕ್ಕೆ ರೋಗವು ಸತ್ತ್ವಹೀನವಾದ ನೆಲದಲ್ಲಿಯೇ ಹೆಚ್ಚಾಗಿ ಕಾಡುತ್ತದೆಂಬುದು ತಜ್ಞರೆಲ್ಲ ಒಪ್ಪಿದ ಸಂಗತಿ. ಕಲೆಯ ಹಿಂದೆ ಶಿಲೀಂಧ್ರ, ಶಿಲೀಂಧ್ರದ ಹಿಂದೆ ಬಡಕಲು ಮಣ್ಣು. ಎಲ್ಲಿಗೆ ನಿಲ್ಲಿಸಿದರೆ ಅದೇ ಕಾರಣವೆನಿಸುತ್ತದೆ.

ಮತ್ತೆ ಮನೆಯೊಳಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಮಧ್ಯಮವರ್ಗದ ಮನೆಗಳಿಗೆ ಕಲ್ಲಿದ್ದಲ ಅನಿಲದ ದೀಪ ಬಂದಿತು. ಅದರೊಡನೆ ಕುಂಡದ ಗಿಡಗಳ ಎಲೆ ಹಳದಿಯಾಗಿ, ತುದಿ ಕಂದಾಗಿ, ಉದುರತೊಡಗಿದುವು. ಆ ಹೊತ್ತಿನಲ್ಲಿ ಜನ ಆರಿಸಿಕೊಂಡುದು ಗಿಡವನ್ನು ಬದಲಾಯಿಸುವ ಉಪಾಯವನ್ನು. ಏನನ್ನೂ ತಾಳಿಕೊಳ್ಳುವ ಆಸ್ಪಿಡಿಸ್ಟ್ರಾ ಗಿಡವು ಹೀಗೆ ಆ ಕಾಲದ ಪ್ರತಿ ಹಜಾರದಲ್ಲಿಯೂ ನಿಂತಿತು; ಅದಕ್ಕೆ ‘ಎರಕದ ಕಬ್ಬಿಣದ ಗಿಡ’ವೆಂದೇ ಹೆಸರಾಯಿತು. ಅನಿಲದಲ್ಲಿರುವ ವಿಷವೇನೆಂಬುದು ಗೊತ್ತಾದುದು 1901ರಲ್ಲಿ. ಸೇಂಟ್ ಪೀಟರ್ಸ್‌ಬರ್ಗಿನ ಡಿಮಿಟ್ರಿ ನೆಲ್ಯುಬೊವ್, ಪ್ರಯೋಗಶಾಲೆಯ ಬಟಾಣಿ ಸಸಿಗಳು ಮೇಲಕ್ಕೆ ಬೆಳೆಯದೆ ಅಡ್ಡಕ್ಕೆ ಬೆಳೆಯುತ್ತಿದ್ದುದನ್ನು ಕಂಡು, ದೀಪದ ಅನಿಲದಲ್ಲಿದ್ದ ಎಥಿಲೀನ್ ಅದಕ್ಕೆ ಕಾರಣವೆಂದು ಸಿದ್ಧಪಡಿಸಿದನು. ಅಷ್ಟರಲ್ಲಿ ವಿದ್ಯುದ್ದೀಪ ಬರತೊಡಗಿದ್ದಿತು. ನಿದಾನವು ಸಿಕ್ಕುವ ಹೊತ್ತಿಗೆ ರೋಗಿಯ ಮನೆಯೇ ಬದಲಾಗಿದ್ದಿತು.

ನಮ್ಮಲ್ಲಿ ಕುಂಡದ ಜರೀಗಿಡ, ತಾಳೆಗಿಡಗಳ ಷೋಕಿ ಬೆಳೆದುದಕ್ಕೂ ಬೆಂಗಳೂರಿನ ಲಾಲ್‌ಬಾಗಿಗೂ ಸಂಬಂಧವುಂಟು. ಜಾನ್ ಕ್ಯಾಮರಾನ್ 1874ರಿಂದ 1908ರವರೆಗೆ ಅದರ ಮೇಲ್ವಿಚಾರಕನಾಗಿದ್ದನು. 1889ರಲ್ಲಿ ಗಾಜಿನ ಮನೆಗೆ ಅಸ್ತಿಭಾರ ಬಿದ್ದಿತು. ಅಲ್ಲಿಯ ಫಲಪುಷ್ಪ ಪ್ರದರ್ಶನದಿಂದ ಕೊಂಡುತಂದ ಗಿಡವೊಂದು ಕಿಟಕಿಯ ಪಕ್ಕ ಕಂದುವುದು ನಮ್ಮ ಎಷ್ಟೋ ಮನೆಗಳ ಅನುಭವ.

ಇಪ್ಪತ್ತನೆಯ ಶತಮಾನದ ಎರಡು ಶೋಧನೆಗಳು ಈ ವಿಚಾರಕ್ಕೆ ಮುಖ್ಯವಾದುವು. ಮೊದಲನೆಯದು ಆಫ್ರಿಕನ್ ವಯೊಲೆಟ್ ಗಿಡದ್ದು. ಪೂರ್ವ ಆಫ್ರಿಕದ ಉಸಂಬಾರ ಬೆಟ್ಟಗಳಿಂದ ಜರ್ಮನಿಗೆ ಬಂದು 1893ರಲ್ಲಿ ನಾಮಕರಣಗೊಂಡ ಈ ಗಿಡದ ಎಲೆಗಳ ಮೇಲೆ ಉಂಗುರದಂತೆ ಹಳದಿ, ಕಂದು ಗುರುತುಗಳು ಏಳುತ್ತಿದ್ದುವು. ಉಂಗುರದ ಆಕಾರವನ್ನು ಕಂಡರೆ ಯಾರಿಗಾದರೂ ಅದು ರೋಗಾಣುವಿನ ಕೆಲಸವೆಂದೇ ತೋರಬೇಕು. 1940ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗಗಳು ಕಾರಣವು ನೀರಿನ ತಂಪೆಂದು ತೋರಿಸಿದುವು. ಎಲೆಗಿಂತ ಬಹಳ ತಣ್ಣಗಿರುವ ನೀರಿನ ಹನಿ ಬಿದ್ದಲ್ಲಿ ಎಲೆಯ ಮೇಲ್ಪದರದ ಹಸುರು ಕೋಶಗಳು ಕುಸಿಯುತ್ತವೆ. ಹನಿಯ ಅಂಚೇ ಉಂಗುರ. ಕೋಣೆಯ ಬಿಸುಪಿನ ನೀರನ್ನು ಎರೆದರೆ ಕಲೆಯಿಲ್ಲ. ಎರಡನೆಯದು ಫ್ಲೋರೈಡಿನ ವಿಚಾರ. 1970ರ ದಶಕದಲ್ಲಿ ಫ್ಲಾರಿಡಾದ ಸಸ್ಯಾಲಯಗಳಲ್ಲಿ ಕಾರ್ಡಿಲೈನ್, ಡ್ರೆಸೀನಾ ಮೊದಲಾದ ಗಿಡಗಳ ಎಲೆಯ ತುದಿ ಅಂಚುಗಳು ಕಂದಾಗುವುದಕ್ಕೆ ನೀರಿನಲ್ಲಿಯೂ ಸೂಪರ್ ಫಾಸ್ಫೇಟ್ ಗೊಬ್ಬರದಲ್ಲಿಯೂ ಇರುವ ಫ್ಲೋರೈಡ್ ಕಾರಣವೆಂದು ಗೊತ್ತಾಯಿತು. ಅದು ಬೇರಿನಿಂದ ಏರಿ, ನೀರು ಆವಿಯಾಗಿ ಹೋಗುವ ತುದಿಗಳಲ್ಲಿ ಸೇರಿಕೊಂಡು ಅಲ್ಲಿಯ ಜೀವಕೋಶಗಳನ್ನು ಕೊಲ್ಲುತ್ತದೆ. ಕೋಲಾರ, ತುಮಕೂರು, ರಾಯಚೂರು ಮೊದಲಾದ ಕಡೆಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿರುವುದನ್ನು ಬಲ್ಲ ನಮಗೆ ಇದು ದೂರದ ಸುದ್ದಿಯಲ್ಲ.

ಈ ಎಲ್ಲ ದೃಷ್ಟಾಂತಗಳಿಂದ ಕಲೆಯನ್ನು ಓದುವ ಒಂದು ಕ್ರಮ ಸಿದ್ಧವಾಗುತ್ತದೆ. ಅದು ದಾಖಲೆಯನ್ನು ಪರೀಕ್ಷಿಸುವ ನಮ್ಮ ಕ್ರಮಕ್ಕೆ ಬಹಳ ಹತ್ತಿರವಾದುದು: ಎಲ್ಲಿ, ಯಾವಾಗ, ಯಾವುದರ ಅನಂತರ ಯಾವುದು. ಕಲೆಯು ಎಲೆಯ ನಡುವೆ ದುಂಡಗೆ ಹುಟ್ಟಿ, ಸುತ್ತಲೂ ಹಳದಿಯ ಬಳೆಯಿದ್ದು, ಭೂತಗನ್ನಡಿಯಲ್ಲಿ ನೋಡಿದಾಗ ಸೂಜಿಮೊನೆಯಷ್ಟು ಕರಿಯ ಚುಕ್ಕೆಗಳು ಕಂಡು, ದಿನದಿಂದ ದಿನಕ್ಕೆ ನೆರೆಯ ಎಲೆಗೆ ಹರಡುತ್ತಿದ್ದರೆ ಶಿಲೀಂಧ್ರವೆನ್ನಬಹುದು. ನೀರಿನಲ್ಲಿ ನೆನೆದಂತೆ ಮೆತ್ತಗಾಗಿ, ನರಗಳ ನಡುವೆ ಮೂಲೆಮೂಲೆಯಾಗಿ ನಿಂತರೆ ಬ್ಯಾಕ್ಟೀರಿಯವನ್ನು ಶಂಕಿಸಬೇಕು. ಕಿಟಕಿಯ ಕಡೆಯ ಎಲೆಗಳು ಮಾತ್ರ ಬಿಳಿಚಿ ಕಂದಾಗಿದ್ದರೆ ಅದು ಬಿಸಿಲಿನ ಸುಡುವಿಕೆ. ಎಲೆಯ ಕೆಳಗೆ ಸಣ್ಣ ಬಲೆಯೂ ಮೇಲೆ ಪುಡಿ ಉದುರಿಸಿದಂಥ ಚುಕ್ಕೆಗಳೂ ಇದ್ದರೆ ನುಸಿ. ಕುಂಡದ ಮಣ್ಣು ಹುಳಿ ವಾಸನೆ ಹೊಡೆದು, ಬೇರು ಕಂದಾಗಿ ಕೈಗೆ ಮೆತ್ತಗೆ ಕಿತ್ತುಬಂದರೆ ನೀರು ಹೆಚ್ಚಾಗಿದೆ. ಇಂಥ ಗಿಡ ಬಾಡಿದಂತೆ ಕಾಣುವುದರಿಂದ ಜನ ಇನ್ನಷ್ಟು ನೀರೆರೆಯುತ್ತಾರೆ. ಕಂದು ತುದಿ ಅಂಚುಗಳಲ್ಲಿ ಮಾತ್ರವಿದ್ದು, ಹಳೆಯ ಎಲೆಗಳಲ್ಲೆಲ್ಲ ಒಂದೇ ರೀತಿಯಲ್ಲಿ ಕಂಡು, ಒಂದು ಎಲೆಯಿಂದ ಮತ್ತೊಂದಕ್ಕೆ ಹರಡದಿದ್ದರೆ ಶತ್ರುವನ್ನು ಹುಡುಕುವುದನ್ನು ಬಿಟ್ಟು ಕೊಡವನ್ನು ನೋಡಬೇಕು.

ತಡೆಯುವ ಉಪಾಯಗಳು ಇದರಿಂದಲೇ ಹೊರಡುತ್ತವೆ. ನೀರನ್ನು ಎಲೆಗೆ ಚಿಮುಕಿಸದೆ ಬೆಳಗಿನ ಹೊತ್ತು ಮಣ್ಣಿಗೆ ಎರೆಯುವುದು, ಕುಂಡದ ತಳದ ತೂತು ಕಟ್ಟದಂತೆ ನೋಡುವುದು, ಗಿಡಗಳ ನಡುವೆ ಗಾಳಿಯಾಡಲು ಎಡೆಯಿಡುವುದು, ಕೆಟ್ಟ ಎಲೆಯನ್ನು ಕತ್ತರಿಸಿ ಹೊರಹಾಕುವುದು. ಈ ಕೊನೆಯದರಲ್ಲಿ ವರಾಹಮಿಹಿರನ ಮಾತೇ ಇಂದಿಗೂ ಮೊದಲ ಮಾತು. ಹೊಸದಾಗಿ ತಂದ ಗಿಡವನ್ನು ಎರಡು ಮೂರು ವಾರ ಪ್ರತ್ಯೇಕವಾಗಿಟ್ಟರೆ ಅರ್ಧ ರೋಗಗಳು ಮನೆಯನ್ನು ಹೊಗುವುದಿಲ್ಲ. ನೀರಿನಲ್ಲಿ ಲವಣ ಹೆಚ್ಚಿದ್ದರೆ ಆಗಾಗ್ಗೆ ಮಳೆನೀರನ್ನು ಧಾರಾಳವಾಗಿ ಎರೆದು ಮಣ್ಣನ್ನು ತೊಳೆಯಬೇಕು. ಫ್ಲೋರೈಡು ಕುದಿಸಿದರೆ ಹೋಗುವುದಿಲ್ಲ. ನೀರು ಕುಗ್ಗಿದಷ್ಟೂ ಅದು ಗಟ್ಟಿಯಾಗುತ್ತದೆ. ಮಣ್ಣಿಗೆ ಸ್ವಲ್ಪ ಸುಣ್ಣ ಸೇರಿಸಿ ಹುಳಿಯನ್ನು ತಗ್ಗಿಸಿದರೆ ಗಿಡ ಅದನ್ನು ಹೀರುವುದು ಕಡಿಮೆಯಾಗುತ್ತದೆ.

ಕಂದು ಚುಕ್ಕೆಗೆ ಔಷಧಿ ಹೊಡೆಯುವುದು ಯಾವಾಗಲೂ ತಪ್ಪೆಂದು ನಾನು ಹೇಳುತ್ತಿಲ್ಲ. ಇತ್ತೀಚಿನ ವರ್ಷಗಳಲ್ಲಿ ಹೊಸನಗರ, ಶೃಂಗೇರಿ, ಕೊಪ್ಪ ಮೊದಲಾದ ಕಡೆ ಅಡಿಕೆಗೆ ಬಂದಿರುವ ಎಲೆಚುಕ್ಕಿ ರೋಗವು ನಿಜವಾಗಿಯೂ ಶಿಲೀಂಧ್ರದ್ದೇ. ಅಲ್ಲಿ ಸಿಂಪಡಣೆಯೂ ಬೇಕು, ರೋಗದ ಸೋಗೆಯನ್ನು ಕಡಿದು ಸುಡುವುದೂ ಬೇಕು. ಅಂಥ ತೋಟವನ್ನು ಕಂಡ ಕಣ್ಣಿಗೆ ಕುಂಡದ ಗಿಡದಲ್ಲಿಯೂ ಅದೇ ಕಾಣುವುದು ತಪ್ಪಲ್ಲ, ಆದರೆ ಅದು ಪರೀಕ್ಷೆಯಲ್ಲ.

ನನ್ನ ಗಿಡದ ವಿಚಾರದಲ್ಲಿ ಆದುದೂ ಅದೇ. ಮೂರನೆಯ ಸಿಂಪಡಣೆಯ ಅನಂತರ ಸಸ್ಯಶಾಸ್ತ್ರದ ಸಹೋದ್ಯೋಗಿಯೊಬ್ಬರು ಮನೆಗೆ ಬಂದಿದ್ದರು. ಅವರು ಎಲೆಯನ್ನು ಮುಟ್ಟುವ ಮೊದಲು ಎರಡು ಪ್ರಶ್ನೆ ಕೇಳಿದರು: ಮೊದಲು ಕಂದಾದುದು ಯಾವ ಎಲೆ, ಹಳೆಯದೋ ಹೊಸದೋ? ಊರಿನಲ್ಲಿ ಇದಕ್ಕೆ ಯಾವ ನೀರು ಎರೆಯುತ್ತಿದ್ದರು? ಎರಡೂ ಕಾಲಾನುಕ್ರಮದ ಪ್ರಶ್ನೆಗಳು. ಇತಿಹಾಸ ಕಲಿಸಿ ಜೀವನ ನಡೆಸುವವನು ಅವನ್ನು ತನಗೆ ತಾನೇ ಕೇಳಿಕೊಂಡಿರಲಿಲ್ಲ. ಕಂದಾದುವು ಹಳೆಯ ಎಲೆಗಳು, ಅದೂ ತುದಿಯಿಂದ. ತಾಯಿಯವರು ಎರೆಯುತ್ತಿದ್ದುದು ಬಾವಿಯ ನೀರು. ಮಳೆಗಾಲದಲ್ಲಿ ಕುಂಡವನ್ನು ಸೂರಿನ ಅಂಚಿಗೆ ಸರಿಸುತ್ತಿದ್ದರು. ನಾನು ಎರೆದುದು ನಮ್ಮ ಬಡಾವಣೆಯ ಕೊಳವೆಬಾವಿಯ ಗಡಸು ನೀರು. ನಡುವಿನ ಕಲೆಗಳು ಆಮೇಲಿನವು: ಮೋಡ ಕವಿದ ತಂಪು ದಿನಗಳಲ್ಲಿ ಬೇಗ ಆರದ ತಾಮ್ರದ ದ್ರಾವಣ ಸುಟ್ಟ ಗಾಯಗಳು. ಅವು ನನ್ನವು.

ಆ ವರ್ಷದ ಮುಂಗಾರಿನಲ್ಲಿ ತಾರಸಿಯ ಮೇಲೆ ಎರಡು ಡ್ರಮ್ಮುಗಳನ್ನಿಟ್ಟು ಮಳೆನೀರನ್ನು ಹಿಡಿದೆನು. ಮಣ್ಣನ್ನು ಬದಲಾಯಿಸಿದೆನು. ಸುಟ್ಟ ಎಲೆ ಮತ್ತೆ ಹಸುರಾಗುವುದಿಲ್ಲವಾದುದರಿಂದ ಗುಣವಾಯಿತೋ ಇಲ್ಲವೋ ಎಂಬುದನ್ನು ಹೊಸ ಎಲೆಯಿಂದಲೇ ತಿಳಿಯಬೇಕು. ಅದಕ್ಕೆ ಎರಡು ತಿಂಗಳು ಕಾಯಬೇಕಾಯಿತು. ಈಗ ಐದು ಹೊಸ ಎಲೆಗಳಿವೆ, ತುದಿಯವರೆಗೂ ಕೆಂಪಾಗಿವೆ. ಹಳೆಯವುಗಳಲ್ಲಿ ಮೂರನ್ನು ನಾನು ಕತ್ತರಿಸದೆ ಹಾಗೆಯೇ ಬಿಟ್ಟಿದ್ದೇನೆ.